ವಾರಕ್ಕೊಂದು ಫೋಟೊ, ವರ್ಷವಿಡೀ ಲಾಲ್‌ಬಾಗ್

ಬೆಂಗಳೂರಿನವರಿಗೆ ಲಾಲ್‌ಬಾಗ್ ನೆನಪಾಗೋದು ವರ್ಷಕ್ಕೆ ಎರಡು ಸಲ. ಜನವರಿ 26ರ ಆಸುಪಾಸು ಒಮ್ಮೆ, ಆಗಸ್ಟ್ 15ರ ಆಸುಪಾಸು ಇನ್ನೊಮ್ಮೆ. ಫ್ಲವರ್ ಶೋ ನೋಡಿ, ಗಾಜಿನ ಮನೆ ಮುಂದೆ ಸೆಲ್ಫಿ ತೆಗೆದು, ಕಡಲೆಕಾಯಿ ತಿಂದು ಬಂದರೆ ಮುಗೀತು. ಕಳೆದ ಆಗಸ್ಟ್‌ವರೆಗೆ ನಾನೂ ಹಾಗೇ ಇದ್ದೆ. ಆಮೇಲೆ ಒಂದು ಲೆಕ್ಕ ಹಾಕಿಕೊಂಡೆ: ಪ್ರತಿ ಭಾನುವಾರ ಇಲ್ಲಿಗೆ ಬರೋದು, ವಾರಕ್ಕೆ ಒಂದೇ ಒಂದು ಫೋಟೊ ಉಳಿಸಿಕೊಳ್ಳೋದು, 52 ವಾರ ಬಿಡದೆ ಮಾಡೋದು. ಕ್ಯಾಮೆರಾ ಅಂದರೆ ಜೇಬಲ್ಲಿರೋ ಮೊಬೈಲ್. ಎಡಿಟಿಂಗ್‌ಗೆ ಹದಿನೈದೇ ನಿಮಿಷ.

ಆಫೀಸಿನಲ್ಲಿ ಗೆಳೆಯರು ನಕ್ಕರು. "ಹಂಪಿ, ಕೊಡಗು ಬಿಟ್ಟು ಲಾಲ್‌ಬಾಗಾ?" ಅಂದರು. ಹೊಸ ಊರಿಗೆ ಹೋದರೆ ಊರೇ ಫೋಟೊ ಕೊಡುತ್ತೆ. ನೋಡಿದ ಜಾಗವನ್ನೇ ಮತ್ತೆ ನೋಡುವಾಗ ಹೊಸದನ್ನ ನಾವೇ ಹುಡುಕಬೇಕು.

ನನ್ನ ಜೊತೆ ಅಪ್ಪ ಬರ್ತಾರೆ. ಅಮ್ಮ ತೀರಿಕೊಂಡ ಮೇಲೆ ತಿಪಟೂರಿನ ಹತ್ತಿರದ ನಮ್ಮ ಹಳ್ಳಿಯಿಂದ ಅವರನ್ನ ಬನಶಂಕರಿಯ ಮನೆಗೆ ಕರ್ಕೊಂಡು ಬಂದೆ. ಜೀವನಪೂರ್ತಿ ತೆಂಗಿನ ತೋಟ ಸುತ್ತಿದ ಮನುಷ್ಯ ಮೂರನೇ ಮಹಡಿಯಲ್ಲಿ ಟೀವಿ ಮುಂದೆ ಕೂತುಬಿಟ್ಟರು. ಡಾಕ್ಟರು ದಿನಾ ನಡೀರಿ ಅಂದರು, ಕೇಳಲಿಲ್ಲ. "ಫೋಟೊ ತೆಗೆಯೋಕೆ ಜೊತೆಗೆ ಒಬ್ಬರು ಬೇಕಪ್ಪ" ಅಂದಾಗ ಮಾತ್ರ ಚಪ್ಪಲಿ ಹಾಕ್ಕೊಂಡರು.

ಶುರು ಮಾಡಿದ್ದು ಬಂಡೆಯಿಂದ. ಲಾಲ್‌ಬಾಗ್‌ನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಇದು ಪೆನಿನ್ಸುಲರ್ ನೈಸ್ ಅನ್ನೋ ಶಿಲೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೂ ಹೌದು. ಮಧ್ಯಾಹ್ನ ನೋಡಿದರೆ ಬರೀ ಬೂದು ಕಲ್ಲು. ಬೆಳಗ್ಗೆ ಬೇಗ ಹೋದರೆ ಸೂರ್ಯನ ಬೆಳಕು ಪಕ್ಕದಿಂದ ಬೀಳುತ್ತೆ, ಕಲ್ಲಿನ ಪದರಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಆ ಫೋಟೊವನ್ನ ಕಪ್ಪು ಬಿಳುಪು ಮಾಡಿ, ಕಾಂಟ್ರಾಸ್ಟ್ ಸ್ವಲ್ಪ ಹೆಚ್ಚಿಸಿದೆ, ಅಷ್ಟೆ. ಮಳೆ ನಿಂತ ಒಂದು ಭಾನುವಾರ ಬಂಡೆಯ ಮೇಲೆ ತಟ್ಟೆಯಗಲ ನೀರು ನಿಂತಿತ್ತು. ಮೊಬೈಲನ್ನ ತಲೆಕೆಳಗಾಗಿ ಹಿಡಿದು ಲೆನ್ಸನ್ನ ನೀರಿಗೆ ತಾಗುವಷ್ಟು ಹತ್ತಿರ ಇಟ್ಟೆ. ಕೆಂಪೇಗೌಡ ಗೋಪುರ ಮೇಲೊಂದು, ಕೆಳಗೊಂದು ಕಾಣಿಸ್ತು. "ಒಂದು ಕಲ್ಲನ್ನ ಎಷ್ಟು ಸಲ ತೆಗೀತೀಯೋ?" ಅಂತ ಅಪ್ಪ ಬೈದರು.

ಕೆರೆ ಕಡೆ ಹೋದರೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳೋ ನೀರುಕಾಗೆ ಸಿಗುತ್ತೆ. ಅಲ್ಲಿ ಹಕ್ಕಿಯ ಮೇಲಲ್ಲ, ಹಿಂದಿನ ಆಕಾಶದ ಮೇಲೆ ಬೆರಳಿಟ್ಟು ಬೆಳಕು ತಗ್ಗಿಸಬೇಕು. ಹಕ್ಕಿ ಪೂರ್ತಿ ಕಪ್ಪಾಗಿ, ಆಕಾರ ಮಾತ್ರ ಉಳಿಯುತ್ತೆ. ದೊಡ್ಡ ಮರಗಳ ಕೆಳಗೆ, ಇನ್ನೂ ಬೆಳಕು ಕಡಿಮೆ ಇರುವಾಗ, ಪ್ರೊ ಮೋಡ್‌ನಲ್ಲಿ ಶಟರ್ 1/8 ಸೆಕೆಂಡ್ ಇಟ್ಟು ಮೊಬೈಲನ್ನ ಮೇಲಿಂದ ಕೆಳಕ್ಕೆ ಮೆಲ್ಲಗೆ ಸರಿಸಿ ನೋಡಿ. ಕಾಂಡಗಳೆಲ್ಲ ಬ್ರಷ್‌ನಲ್ಲಿ ಎಳೆದ ಗೆರೆಗಳ ಹಾಗೆ ಬರುತ್ತವೆ. ಮರದಡಿ ತೆಗೆದ ಫೋಟೊದಲ್ಲಿ ಮುಖಗಳು ಹಸಿರು ಹೊಡೆಯುತ್ತವೆ. ಎಡಿಟ್ ಮಾಡುವಾಗ ಟಿಂಟ್ ಅನ್ನೋ ಸ್ಲೈಡರನ್ನ ಮಜೆಂಟಾ ಕಡೆ ಸ್ವಲ್ಪ ತಳ್ಳಿದರೆ ಸರಿಹೋಗುತ್ತೆ.

ಜನವರಿಯಲ್ಲಿ ಫ್ಲವರ್ ಶೋ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿಯ ಈ ಗಾಜಿನ ಮನೆಗೆ ಅಡಿಗಲ್ಲು ಹಾಕಿದ್ದು 1889ರಲ್ಲಿ. ಶೋ ದಿನ ಅದರ ಮುಂದೆ ಕಾಲಿಡೋಕೂ ಜಾಗ ಇರಲ್ಲ. ನನಗೆ ಜನವೇ ಇಲ್ಲದ ಗಾಜಿನ ಮನೆ ಬೇಕಿತ್ತು. ಅದಕ್ಕೆ ನಮ್ಮ ಕಸುಬಿನ ಒಂದು ಉಪಾಯ ಇದೆ. ಮೊಬೈಲನ್ನ ಕಟ್ಟೆಯ ಮೇಲೆ ಅಲ್ಲಾಡದ ಹಾಗೆ ಇಟ್ಟು, ಫೋಕಸ್ ಮತ್ತು ಎಕ್ಸ್‌ಪೋಶರ್ ಲಾಕ್ ಮಾಡಿ, ಅರ್ಧ ನಿಮಿಷಕ್ಕೊಂದರಂತೆ 40 ಫೋಟೊ ತೆಗೆದೆ. ಮನೆಗೆ ಬಂದು ಪೈಥಾನ್‌ನಲ್ಲಿ ಹತ್ತು ಸಾಲು ಬರೆದು, ಎಲ್ಲ ಫೋಟೊಗಳ ಪ್ರತಿ ಪಿಕ್ಸೆಲ್‌ನ ಮೀಡಿಯನ್ ತೆಗೆದೆ. ಒಂದು ಜಾಗದಲ್ಲಿ ಅರ್ಧಕ್ಕಿಂತ ಕಡಿಮೆ ಹೊತ್ತು ಇದ್ದವರು ಚಿತ್ರದಿಂದ ಮಾಯವಾಗ್ತಾರೆ, ಕದಲದೆ ಇದ್ದದ್ದು ಉಳಿಯುತ್ತೆ.

ಸಾವಿರಾರು ಜನ ಮಾಯವಾದರು. ಗಾಜಿನ ಮನೆ ಉಳೀತು, ಹುಲ್ಲು ಉಳೀತು, ಬೆಂಚಿನ ಮೇಲೆ ಅಪ್ಪ ಉಳಿದರು. ಇಪ್ಪತ್ತು ನಿಮಿಷ ಅವರು ಅಲ್ಲಾಡಿರಲೇ ಇಲ್ಲ. ಗಣಿತದ ಪ್ರಕಾರ ಸರಿಯಾಗೇ ಇತ್ತು, ನನಗೆ ಮಾತ್ರ ಹೊಟ್ಟೆಯಲ್ಲಿ ಕಲಸಿದ ಹಾಗಾಯ್ತು. ಅಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ನಾನೊಬ್ಬನೇ ಉಳ್ಕೊಂಡಿದೀನಲ್ಲೋ" ಅಂದರು.

ಮುಂದಿನ ಭಾನುವಾರ ಅವರು ಬೆಂಚಿನ ಕಡೆ ಹೋಗಲಿಲ್ಲ. "ಈ ಸಲ ನಡೀತೀನಿ, ಬೇಕಾದರೆ ನಡೆಯೋದನ್ನೇ ತೆಗಿ" ಅಂದರು. ಅದಕ್ಕೂ ಒಂದು ವಿಧಾನ ಇದೆ, ಪ್ಯಾನಿಂಗ್ ಅಂತ. ಶಟರ್ 1/15 ಸೆಕೆಂಡ್ ಇಟ್ಟು, ಅವರು ಎದುರಿಗೆ ಹಾದುಹೋಗುವಾಗ ಅದೇ ವೇಗದಲ್ಲಿ ಮೊಬೈಲ್ ತಿರುಗಿಸಬೇಕು. ಇಪ್ಪತ್ತಕ್ಕೆ ಒಂದು ಸರಿ ಬಂದರೆ ಪುಣ್ಯ. ಅಷ್ಟು ಸಲ ತೆಗೆಯಬೇಕು ಅಂದರೆ ಅಷ್ಟು ಸಲ ಅವರು ನಡೀಬೇಕು. ಡಾಕ್ಟರ ಮಾತು ಹೀಗೆ ಈಡೇರಿತು. ಕೊನೆಗೆ ಬಂದ ಫೋಟೊದಲ್ಲಿ ಮರ, ಜನ ಎಲ್ಲ ಅಡ್ಡಗೆರೆಗಳು. ಅಪ್ಪನ ಮುಖ ಒಂದೇ ಸ್ಪಷ್ಟ.

ಆಮೇಲೆ ಬಣ್ಣಗಳ ಕಾಲ. ಗುಲಾಬಿ, ಹಳದಿ ಟಬೂಬಿಯಾ, ನೇರಳೆ ಜಕರಂಡ, ಬೇಸಿಗೆ ಏರಿದ ಮೇಲೆ ಗುಲ್‌ಮೊಹರ್. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ಕ್ರುಂಬಿಗೆಲ್, ವರ್ಷದ ಯಾವ ತಿಂಗಳಲ್ಲೂ ಬೆಂಗಳೂರಿನ ಯಾವುದಾದರೂ ರಸ್ತೆಯಲ್ಲಿ ಹೂವಿರಲಿ ಅಂತ ಮರಗಳನ್ನ ಆರಿಸಿ ನೆಡಿಸಿದರು. ವಾರಕ್ಕೊಂದು ಫೋಟೊ ತೆಗೆಯೋನಿಗೆ ಇದಕ್ಕಿಂತ ಒಳ್ಳೆ ಕ್ಯಾಲೆಂಡರ್ ಬೇಕಾ? ಅಪ್ಪ ಗುಲ್‌ಮೊಹರ್ ತೋರಿಸಿ "ಇದು ನಮ್ಮ ಕತ್ತಿಕಾಯಿ ಮರ ಅಲ್ವೇನೋ" ಅಂದರು. ಮಾಲಿಗಳ ಜೊತೆ ಗೊಬ್ಬರ, ಗೆದ್ದಲು ಅಂತ ಮಾತಿಗೆ ನಿಲ್ಲೋಕೆ ಶುರು ಮಾಡಿದರು. ಫೋಟೊಗಳ ಕೆಳಗೆ ನಾನು ಬರೆಯೋ ಮರಗಳ ಹೆಸರು ಈಗ ಅವರು ವಿಚಾರಿಸಿಕೊಂಡು ಬಂದದ್ದು.

38ನೇ ಭಾನುವಾರ ನನಗೆ ರಿಲೀಸ್ ಇತ್ತು, ಲ್ಯಾಪ್‌ಟಾಪ್ ಬಿಟ್ಟು ಏಳೋ ಹಾಗಿರಲಿಲ್ಲ. ಈ ವಾರ ಬಿಟ್ಟುಬಿಡೋಣ ಅಂದೆ. "ನೀನು ಬಿಡು. ಫೋನ್ ಕೊಡಿಲ್ಲಿ" ಅಂದರು. ಬನಶಂಕರಿಯಿಂದ ಮೆಟ್ರೊದಲ್ಲಿ ನಾಲ್ಕನೇ ಸ್ಟೇಷನ್. ಒಬ್ಬರೇ ಹೋದರು. ಹೆಂಡತಿಯ ಫೋನಿನಿಂದ ಎರಡು ಸಲ ಕರೆ ಮಾಡಿದೆ, ಎತ್ತಲಿಲ್ಲ. ಹನ್ನೊಂದು ಗಂಟೆಗೆ ಬಂದು ಫೋನ್ ಮೇಜಿನ ಮೇಲಿಟ್ಟು ಕಾಫಿ ಕೇಳಿದರು. ಅದರಲ್ಲಿದ್ದದ್ದು ಒಬ್ಬ ಮಾಲಿಯ ಮಣ್ಣಾದ ಅಂಗೈ, ಅದರ ಮೇಲೆ ಒಂದು ಕತ್ತಿಕಾಯಿ ಹೂವು. ಫೋಟೊ ಸೊಟ್ಟಗಿತ್ತು, ಮೂಲೆಯಲ್ಲಿ ಅಪ್ಪನ ಬೆರಳೂ ಬಂದಿತ್ತು. ಕ್ರಾಪ್ ಮಾಡದೆ ಹಾಗೇ ಇಟ್ಟಿದೀನಿ.

ಇನ್ನೂ ಹದಿನಾಲ್ಕು ವಾರ ಇದೆ. ನೀವೂ ಶುರು ಮಾಡೋದಾದರೆ ಲಾಲ್‌ಬಾಗೇ ಆಗಬೇಕು ಅಂತಿಲ್ಲ. ಊರ ಕೆರೆ ಏರಿ, ತೇರಿನ ಬೀದಿ, ಸಂತೆ ಮಾಳ, ಯಾವುದಾದರೂ ಆಗುತ್ತೆ. ನಡೆದು ಹೋಗುವಷ್ಟು ಹತ್ತಿರ ಇರಲಿ. ತೆಗೆದದ್ದರಲ್ಲಿ ಒಂದನ್ನ ಮಾತ್ರ ಉಳಿಸಿ. ಸಾಧ್ಯವಾದರೆ ಮನೆಯಲ್ಲಿ ಟೀವಿ ಮುಂದೆ ಕೂತಿರೋರನ್ನ ಜೊತೆಗೆ ಕರ್ಕೊಂಡು ಹೋಗಿ.