ಖಾಲಿ ಮಾಡಿಸಿ ಕೊಡುವ ಕಟ್ಟಡ

ನೆಲ್ಯಹುದಿಕೇರಿಯ ಪೇಟೆಯಲ್ಲಿ ಒಂದು ಕಟ್ಟಡ ಮಾರಾಟಕ್ಕಿದೆ. ಕೆಳಗೆ ಮೂರು ಅಂಗಡಿ, ಮೇಲೆ ನಾಲ್ಕು ಬಾಡಿಗೆ ಮನೆ. ಕಟ್ಟಿಸಿದ ಕಾಕ ಕೊಲ್ಲಿಯಲ್ಲಿ ದುಡಿದವರು. ಅವರೂ ಇಲ್ಲ, ಅವರ ಮಡದಿಯೂ ಇಲ್ಲ. ಮಕ್ಕಳಲ್ಲಿ ಇಬ್ಬರು ಗಂಡು, ಮೂವರು ಹೆಣ್ಣು. ಶರೀಅತ್‌ನ ಲೆಕ್ಕದಲ್ಲಿ ಒಟ್ಟು ಏಳು ಪಾಲು. ಬಾಗಿಲುಗಳೂ ಏಳೇ! ಆದರೂ ಹಂಚಿಕೊಳ್ಳಲಾಗದು; ರಸ್ತೆಗೆ ಮುಖ ಮಾಡಿದ ಅಂಗಡಿಯ ಬೆಲೆ ಹಿಂಬದಿಯ ಮನೆಗೆ ಎಲ್ಲಿಂದ ಬರಬೇಕು? ಹಾಗಾಗಿ ಮಾರಿ ಹಣ ಹಂಚಿಕೊಳ್ಳುವುದೆಂದು ತೀರ್ಮಾನವಾಗಿದೆ.

ದಲ್ಲಾಳಿ ನನ್ನನ್ನೂ ಕೇಳಿದ. ಕತೆ ಬರೆಯುವವನ ಬಳಿ ಅಷ್ಟು ಹಣವಿದೆಯೆಂದು ಅವನಿಗೆ ಯಾರು ಹೇಳಿದರೋ! "ಊರು ಬೆಳೀತಾ ಇದೆ ಸಾಬ್, ತಿಂಗಳು ತಿಂಗಳು ಬಾಡಿಗೆ ಬರುತ್ತೆ" ಎಂದ. ಆಮೇಲೆ ದನಿ ತಗ್ಗಿಸಿ, "ಬೇಕಿದ್ದರೆ ಎಲ್ಲರನ್ನೂ ಖಾಲಿ ಮಾಡಿಸಿಯೇ ಕೊಡ್ತೇವೆ" ಎಂದ. ಖಾಲಿಯಾದರೆ ಬೆಲೆ ಹೆಚ್ಚಂತೆ.

ನಮ್ಮವರು ಇಂಥ ಕಟ್ಟಡಗಳಿಗೆ ಹಣ ಹಾಕುವುದಕ್ಕೆ ಕಾರಣವಿದೆ. ಬ್ಯಾಂಕಿನಲ್ಲಿಟ್ಟರೆ ಬಡ್ಡಿ, ಅದು ಹರಾಮ್. ಕಾಫಿ ತೋಟಕ್ಕೆ ಇಳಿಯಲು ಅನುಭವ ಬೇಕು, ಬೆಲೆ ಬಿದ್ದಾಗ ತಡೆದುಕೊಳ್ಳುವ ಶಕ್ತಿಯೂ ಬೇಕು. ಬಾಡಿಗೆಯಾದರೆ ಹಲಾಲ್, ಮುಪ್ಪಿಗೂ ಆಸರೆ. ಕೊಲ್ಲಿಯ ಬಿಸಿಲಲ್ಲಿ ಬೆವರಿಳಿಸಿದವನು ಊರ ರಸ್ತೆಬದಿಯಲ್ಲಿ ನಾಲ್ಕು ಷಟರ್ ಹಾಕಿಸಿದರೆ ತಪ್ಪೇನೂ ಇಲ್ಲ. ಆದರೆ ಆ ಬಾಡಿಗೆಯನ್ನು ಕೊಡುವವರು ಯಾರು?

2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಬಂದಾಗ ಇಲ್ಲಿನ ಕುಂಬಾರಗುಂಡಿ, ಬೆಟ್ಟದಕಾಡು ಕಡೆಯ ನದಿದಂಡೆಯ ಮನೆಗಳು ನೆಲಕ್ಕೊರಗಿದವು. ಪರಿಹಾರ ಕೇಂದ್ರದಲ್ಲಿ ಮುಸ್ಲಿಮರು, ಹಿಂದೂಗಳು, ತೋಟದ ಕೂಲಿಗಳು ಒಂದೇ ಸೂರಿನಡಿ ಮಲಗಿದರು. ಪುನರ್ವಸತಿಗೆಂದು ಅಭ್ಯತ್ ಮಂಗಲದಲ್ಲಿ ಜಾಗ ಗುರುತಿಸಲಾಯಿತು. ಕಾಯಲಾಗದವರು ಬಾಡಿಗೆ ಮನೆ ಹುಡುಕಿದರು. ಹಾಗೆ ಬಂದ ಒಂದು ಕುಟುಂಬ ಈ ಕಟ್ಟಡದ ಮಹಡಿಯಲ್ಲಿದೆ. ಗಂಡ ಹೆಂಡತಿ ಇಬ್ಬರೂ ತೋಟದ ಕೆಲಸಕ್ಕೆ ಹೋಗುವವರು. ಪಕ್ಕದ ಮನೆಯವರು ಭೋಗ್ಯಕ್ಕಿದ್ದಾರೆ; ಮಗಳ ಮದುವೆಗೆಂದು ಕೂಡಿಟ್ಟದ್ದೆಲ್ಲ ಕಾಕಾನ ಕೈಗಿತ್ತಿದ್ದರು. ಆ ಹಣ ಸಿಮೆಂಟು, ಕಬ್ಬಿಣವಾಗಿ ಅದೇ ಗೋಡೆಯೊಳಗಿದೆ. ಕೆಳಗಿನ ಟೈಲರ್ ಕೊಟ್ಟ ಮುಂಗಡದ ಕತೆಯೂ ಅಷ್ಟೇ.

ಶಾಸ್ತ್ರದಲ್ಲಿ 'ಶುಫ್‌ಆ' ಎಂಬ ಒಂದು ಹಕ್ಕಿದೆ. ಆಸ್ತಿ ಮಾರಾಟವಾದಾಗ ಅದೇ ಬೆಲೆಗೆ ಮೊದಲು ತನಗೇ ಸಿಗಬೇಕೆಂದು ಕೇಳುವ ಹಕ್ಕು. ಶಾಫಿ ಮದ್‌ಹಬ್ ಅದನ್ನು ಪಾಲುದಾರನಿಗೆ ಮಾತ್ರ ಕೊಡುತ್ತದೆ. ನಮ್ಮ ಹನಫಿಗಳಲ್ಲಿ ಪಕ್ಕದ ಜಾಗದ ಒಡೆಯನಿಗೂ ಉಂಟು. ನೆರೆಯವನೆಂಬ ಒಂದೇ ಕಾರಣಕ್ಕೆ ಇಂಥ ಹಕ್ಕು ಕೇಳುವುದು ಸಂವಿಧಾನಕ್ಕೆ ಒಪ್ಪದೆಂದು 1962ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೇನೇ ಇರಲಿ, ಎರಡು ಮದ್‌ಹಬ್‌ಗಳಲ್ಲೂ ಬಾಡಿಗೆದಾರನ ಹೆಸರಿಲ್ಲ. ಆದರೆ ಅಪರಿಚಿತನೊಬ್ಬ ಬಂದು ಇದ್ದವರಿಗೆ ತೊಂದರೆಯಾಗಬಾರದೆಂಬ ಕಾಳಜಿ ಆ ನಿಯಮದ ಹಿಂದಿದೆಯಲ್ಲ, ಅದು ಖಾತೆ ಇರುವವರಿಗಷ್ಟೇ ಸೀಮಿತವೆಂದು ನನಗೆ ಅನ್ನಿಸುವುದಿಲ್ಲ.

ದೇಶದ ಕಾನೂನು ಸ್ವಲ್ಪ ಆಸರೆ ಕೊಡುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಕಲಮಿನ ಪ್ರಕಾರ, ಕೊಂಡವನು ಹಳೆಯ ಮಾಲೀಕನ ಜಾಗದಲ್ಲಿ ನಿಲ್ಲುತ್ತಾನೆ. ಮಾರಾಟವಾದ ಮಾತ್ರಕ್ಕೆ ಬಾಡಿಗೆ ಕರಾರು ಸಾಯುವುದಿಲ್ಲ. ಆದರೆ ನಮ್ಮ ಕರಾರುಗಳೆಲ್ಲ 11 ತಿಂಗಳಿನವು. ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಲ್ಲ! ಅವಧಿ ಮುಗಿದು ತಿಂಗಳ ಬಾಡಿಗೆಯ ಮೇಲೆ ನಿಂತವರಿಗೆ ಸಾಮಾನ್ಯವಾಗಿ 15 ದಿನದ ನೋಟಿಸು ಸಾಕು. ಎಷ್ಟೋ ಕಡೆ ಅದೂ ಇಲ್ಲ, ಬರೀ ಬಾಯಿಮಾತು.

ಕ್ರಯಪತ್ರದಲ್ಲೇ ಬಾಡಿಗೆದಾರರ ಹೆಸರು, ಅವರವರ ಮುಂಗಡ, ಭೋಗ್ಯದ ಮೊತ್ತ ಬರೆಸಿ, ಅಷ್ಟನ್ನು ಬೆಲೆಯಲ್ಲಿ ಮುರಿದುಕೊಂಡು ಕೊಳ್ಳುವವರಿಗೆ ವಹಿಸಬಹುದು. ಕಷ್ಟದ ಕೆಲಸವೇನಲ್ಲ. ತಂದೆ ಪಡೆದ ಹಣ ತಂದೆಯ ಸಾಲ. ಸಾಲ ತೀರಿಸಿದ ಮೇಲೆಯೇ ಮೀರಾಸ್ ಹಂಚಬೇಕೆಂಬುದು ಮದ್ರಸದ ಮಕ್ಕಳಿಗೂ ಗೊತ್ತು.

ಇದನ್ನು ಆ ಮನೆಯಲ್ಲಿ ಮೊದಲು ಎತ್ತಿದ್ದು ಹಿರಿಯ ಮಗಳು. ಟೈಲರನ ಮುಂಗಡ, ಭೋಗ್ಯದವರ ಹಣ ಪತ್ರದಲ್ಲಿ ಬರುವ ತನಕ ಸಹಿ ಹಾಕುವುದಿಲ್ಲವೆಂದು ಹೇಳಿದ್ದಾಳೆ. ಅಣ್ಣಂದಿರಿಗೆ ಸಿಟ್ಟು ಬಂದಿದೆ. ಅವಳದು ಏಳರಲ್ಲಿ ಒಂದೇ ಪಾಲು. ಆದರೆ ಅವಳ ಸಹಿಯಿಲ್ಲದೆ ಇಡೀ ಕಟ್ಟಡ ಕೈಬದಲಾಗದು. ದಲ್ಲಾಳಿ ಆಗಲೇ ಎರಡು ಸಲ ಅವಳ ಗಂಡನ ಮನೆಗೆ ಹೋಗಿ ಬಂದಿದ್ದಾನೆ. ಟೈಲರ್ ಹಳೆಯ ರಸೀದಿ ಹುಡುಕುತ್ತಿದ್ದಾರೆ.