ಹಲ್ಲು ಶುದ್ಧಿ ಮಾಡಿಸಿಕೊಂಡ ಪ್ರಸಂಗ

ನಮ್ಮ ಮನೆಯಲ್ಲಿ ಹಲ್ಲಿಗೆ ವೈದ್ಯವೆಂದರೆ ಒಂದೇ: ಕೀಳಿಸುವುದು. ಅಲ್ಲಾಡುವ ಹಲ್ಲನ್ನು ಅಪ್ಪ ಸಂತೆಯ ದಿನ ಹೋಗಿ ಕೀಳಿಸಿಕೊಂಡು ಬರುತ್ತಿದ್ದರು. ಕೈಯಲ್ಲಿ ಉಪ್ಪು ಮೆಣಸಿನಕಾಯಿಯ ಚೀಲ, ಬಾಯಲ್ಲಿ ಹತ್ತಿಯ ಉಂಡೆ. ಐವತ್ತು ತುಂಬುವುದರೊಳಗೆ ಅವರ ಕೆಳದವಡೆ ಬಯಲಾಯಿತು. ಹಲ್ಲನ್ನು ಉಳಿಸಿಕೊಳ್ಳಲೆಂದು ವೈದ್ಯರಲ್ಲಿಗೆ ಹೋದವನು ನಮ್ಮ ವಂಶದಲ್ಲಿ ನಾನೇ ಮೊದಲಿಗ. ಬಿ.ಎ. ತರಗತಿಗೆ ಹೋದವನೂ ನಾನೇ ಮೊದಲಿಗನಾದ್ದರಿಂದ, ಇದೂ ಆ ಓದಿನ ಉಪದ್ರವಗಳಲ್ಲಿ ಒಂದೆಂದು ಮನೆಯವರು ತಿಳಿದರು.

ಹೋಗಲು ಕಾರಣ ರಕ್ತ. ಹಾಸ್ಟೆಲಿನ ನಲ್ಲಿಯ ಬಳಿ ಹಲ್ಲುಜ್ಜಿ ಉಗುಳಿದಾಗ ನೊರೆ ಕೆಂಪಾಗುವುದನ್ನು ಎರಡು ತಿಂಗಳು ಕಂಡೂ ಕಾಣದಂತಿದ್ದೆ. ಕಡೆಗೆ ಗೆಳೆಯನೊಬ್ಬ ಹೆದರಿಸಿದ್ದರಿಂದ ಜಿಲ್ಲಾ ಕೇಂದ್ರದ ದಂತ ಕಾಲೇಜಿನ ಮೆಟ್ಟಿಲು ಹತ್ತಿದೆ.

ಅಲ್ಲಿನ ಡಾಕ್ಟರಮ್ಮ ನನ್ನ ಕೈಗೊಂದು ಕನ್ನಡಿ ಕೊಟ್ಟು, ಕೆಳಗಿನ ಮುಂದಿನ ಹಲ್ಲುಗಳ ಒಳಮೈ ತೋರಿಸಿದರು. ಹಳದಿ ಗಾರೆಯ ಕಟ್ಟೆ! ಎಷ್ಟು ಉಜ್ಜಿದರೂ ಅದು ಹೋಗದಂತೆ. ಹಲ್ಲಿನ ಮೇಲೆ ಕಟ್ಟುವ ಮೆತ್ತನೆಯ ಪಾಚಿಗೆ ಎಂಜಲಿನೊಳಗಿನ ಸುಣ್ಣದಂಶ ಸೇರಿ ಕಲ್ಲಾಗುತ್ತದೆ. ಎಂಜಲಿನ ಗ್ರಂಥಿಗಳ ಬಾಯಿ ನಾಲಗೆಯ ಅಡಿಯಲ್ಲೇ ತೆರೆಯುವುದರಿಂದ ಅಲ್ಲಿ ಹೆಚ್ಚು. ಅದರ ಒರಟು ಮೈಮೇಲೆ ಮತ್ತೆ ಪಾಚಿ ಹಿಡಿಯುತ್ತದೆ. ಪಾಚಿಯ ಸೂಕ್ಷ್ಮಜೀವಿಗಳಿಂದ ಒಸಡು ಊದಿ ರಕ್ತ ಬರುತ್ತದೆ. ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ, ಬೇರನ್ನು ಹಿಡಿದ ಎಲುಬೇ ಕರಗಿ ಹಲ್ಲು ಅಲ್ಲಾಡಲೂಬಹುದು. ಅಪ್ಪ ಕೀಳಿಸಿಕೊಂಡ ಹಲ್ಲುಗಳು ನೆನಪಾದವು. ನಾನು ಕಂಡ ಒಂದರಲ್ಲೂ ಹುಳುಕಿರಲಿಲ್ಲ.

ತಟ್ಟೆಯಲ್ಲಿ ಕೊಕ್ಕೆಮೂತಿಯ ಉಕ್ಕಿನ ಕಡ್ಡಿಗಳು. ಪಕ್ಕದಲ್ಲಿ ಒಂದು ಯಂತ್ರ. ಹಳ್ಳಿಯಿಂದ ಬಂದವನಿಗೆ ಯಂತ್ರದ ಮೋಹ ಸಹಜ. "ನನಗೆ ಹೊಸದರಲ್ಲೇ ಮಾಡಿ" ಎಂದೆ. ಆಕೆ ನಕ್ಕರು. ನಾನು ಇತಿಹಾಸದ ವಿದ್ಯಾರ್ಥಿ. ಏನನ್ನು ಕಂಡರೂ ಇಸವಿ ಹುಡುಕುವುದು ನನ್ನ ಚಾಳಿ. ಆಮೇಲೆ ಹುಡುಕಿ ನೋಡಿದರೆ, ನನ್ನ 'ಹೊಸದು' ನಮ್ಮಪ್ಪನಿಗಿಂತ ಹಿರಿಯದು! ಶ್ರವಣಾತೀತ ಕಂಪನವನ್ನು 1950ರ ದಶಕದ ಆರಂಭದಲ್ಲಿ ಹಲ್ಲು ಕೊರೆಯಲು ಪ್ರಯೋಗಿಸಿದ್ದರು; 1955ರಲ್ಲಿ ಅದನ್ನು ಕಿಟ್ಟ ತೆಗೆಯಲು ಬಳಸಿದ ವರದಿ ಬಂತು. ಕೈಯ ಉಪಕರಣವಾದರೋ ಇನ್ನೂ ಪುರಾತನ. ಸಾವಿರ ವರ್ಷದ ಹಿಂದೆಯೇ ಸ್ಪೇನಿನ ಅರಬ್ ಶಸ್ತ್ರವೈದ್ಯ ಅಲ್-ಜಹ್ರಾವಿ ತನ್ನ ಗ್ರಂಥದಲ್ಲಿ ಕಿಟ್ಟ ಕೆರೆಯುವ ಕಡ್ಡಿಗಳ ಚಿತ್ರ ಬರೆದಿಟ್ಟಿದ್ದಾನೆ.

ಯಂತ್ರದ ತುದಿ ಸೆಕೆಂಡಿಗೆ ಇಪ್ಪತ್ತೈದು ಸಾವಿರ ಸಲಕ್ಕೂ ಮೇಲ್ಪಟ್ಟು ನಡುಗುತ್ತದೆ. ಆ ಬಿಸಿಯನ್ನು ತಣಿಸಲು ನೀರು ಚಿಮ್ಮುತ್ತಿರುತ್ತದೆ. ಜೀರುಂಡೆಯೊಂದು ಬಾಯೊಳಗೆ ಹೊಕ್ಕು ಮಳೆಗಾಲದ ರಾತ್ರಿಯೆಂದು ಭ್ರಮಿಸಿದಂತಾಯಿತು. ಚೂರುಚೂರಾಗಿ ಗಾರೆ ಉದುರಿತು. ಆಮೇಲೆ ಡಾಕ್ಟರಮ್ಮ ಆ ಹಳೆಯ ಕೊಕ್ಕೆಯನ್ನೇ ಎತ್ತಿಕೊಂಡರು! ಯಂತ್ರ ಬೇಗ ಮಾಡುತ್ತದೆ, ವೈದ್ಯರ ಕೈಗೂ ಆಯಾಸ ಕಡಿಮೆ; ಆದರೆ ಒಸಡಿನ ಅಡಿಯಲ್ಲಿ ಉಳಿದ ಒರಟು ಬೆರಳಿಗೆ ತಿಳಿಯುವಷ್ಟು ಅದಕ್ಕೆ ತಿಳಿಯದಂತೆ. ಸರಿಯಾಗಿ ಮಾಡಿದರೆ ಎರಡರ ಫಲವೂ ಹೆಚ್ಚುಕಡಿಮೆ ಸಮವೆಂದರು. 2020ರ ಕೋವಿಡ್ ಕಾಲದಲ್ಲಿ ಯಂತ್ರದ ತುಂತುರಿಗೆ ಹೆದರಿ ಎಷ್ಟೋ ಕಡೆ ವೈದ್ಯರು ಕೈಯ ಕಡ್ಡಿಗೇ ಮರಳಿದ್ದರು. ಗಾಳಿ ನೀರಿನ ಜೊತೆಗೆ ನುಣ್ಣನೆಯ ಪುಡಿ ಎರಚುವ ಮೂರನೆಯ ವಿಧಾನವೊಂದುಂಟು. ಮೊದಲು ಸೋಡಾಪುಡಿ ಇತ್ತು, ಈಚೆಗೆ ಇನ್ನೂ ಮೃದುವಾದ ಗ್ಲೈಸಿನ್, ಎರಿಥ್ರಿಟಾಲ್ ಪುಡಿಗಳು. ಅದು ಪಾಚಿಯನ್ನೂ ಕಾಫಿ ಎಲೆಯಡಿಕೆಗಳ ಕಲೆಯನ್ನೂ ಚೆನ್ನಾಗಿ ತೆಗೆಯುವುದೇನೋ ನಿಜ. ಗಟ್ಟಿಯಾದ ಕಲ್ಲಿನ ಮುಂದೆ ಅದರ ಆಟ ನಡೆಯದು.

ರಜೆಗೆ ಊರಿಗೆ ಹೋದಾಗ ಅವ್ವನ ಬಾಯಿ ನೋಡಿದೆ. ಎಲೆಯಡಿಕೆಯ ಕಪ್ಪು, ಅದರಡಿ ಅದೇ ಗಾರೆ, ಕೆಳಗಿನ ಎರಡು ಹಲ್ಲು ಆಗಲೇ ಸಡಿಲ. ಬಾ ಎಂದರೆ ಒಪ್ಪಲಿಲ್ಲ. ಹಲ್ಲು ಕೆರೆಸಿದರೆ ಸಡಿಲವಾಗುತ್ತದೆಂದು ಊರೆಲ್ಲ ನಂಬಿದೆ. ನಾನು ಪಂಡಿತನಂತೆ ವಿವರಿಸಿದೆ: ಹಲ್ಲು ಮೊದಲೇ ಸಡಿಲವಾಗಿರುತ್ತದೆ, ಗಾರೆ ಅದನ್ನು ಮೆತ್ತಿ ಹಿಡಿದಿರುತ್ತದೆ, ತೆಗೆದಾಗ ನಿಜ ಹೊರಬೀಳುತ್ತದೆ.

"ಹಂಗಾದ್ರೆ ಗಾರೆ ಇರ್ಲಿ ಬಿಡು" ಎಂದಳು.

ನನ್ನ ತರ್ಕಶಾಸ್ತ್ರವೆಲ್ಲ ಅಲ್ಲಿಗೆ ಮುಗಿಯಿತು. ಆಮೇಲೆ ಹಿತ್ತಿಲ ಮಾವಿನ ಮರ ನೆನಪಾಯಿತು. ಬದನಿಕೆ ಕೊಂಬೆಯನ್ನು ಬಿಗಿಯಾಗಿ ಹಿಡಿದಿತ್ತೆಂದು ಬಿಟ್ಟೆವಾ ಅವ್ವ, ಎಂದೆ. ಅವಳು ಬಹಳ ಹೊತ್ತು ಮಾತಾಡದೆ ಅಡಿಕೆ ಕತ್ತರಿಸುತ್ತಿದ್ದಳು. ಜಗಲಿಯಲ್ಲಿದ್ದ ಅಪ್ಪ ಕೇಳಿಸಿಯೂ ಕೇಳಿಸದವರಂತೆ ದವಡೆ ಸವರಿಕೊಂಡರು.

"ಆ ಮಿಷನ್ನು ಸದ್ದು ಮಾಡ್ತದೇನೋ?"

"ಮಾಡ್ತದೆ."

"ಹಂಗಾದ್ರೆ ಬ್ಯಾಡ."

ಕೈಯಲ್ಲೇ ಮಾಡುವ ಕಡ್ಡಿಯೂ ಇದೆ, ತುದಿ ಪುಟ್ಟ ಕುಡುಗೋಲಿನಂತಿದೆ ಎಂದು ಬೆರಳಿನಲ್ಲಿ ತೋರಿಸಿದೆ. ಅದನ್ನು ಎರಡು ಸಲ ಬಿಡಿಸಿ ಕೇಳಿದಳು. ರಾಗಿ ಒಕ್ಕಣೆ ಮುಗಿದ ಮೇಲೆ ಬರುತ್ತಾಳಂತೆ. ಕುಡುಗೋಲಿನಲ್ಲೇ ಮಾಡಬೇಕೆಂದು ನಾನು ಡಾಕ್ಟರಮ್ಮನಿಗೆ ಮೊದಲೇ ಹೇಳಿಡಬೇಕು. ಯಂತ್ರ ಸದ್ದು ಮಾಡಿದರೆ ಕುರ್ಚಿಯಿಂದ ಎದ್ದು ನೇರ ಬಸ್ ಸ್ಟ್ಯಾಂಡಿಗೆ ನಡೆಯುವಳಂತೆ.