ರಳಕ್ಕೆ ಅಂಟಿದ ಹೆಸರು

ಚಿಕ್ಕೋಡಿ ತಾಲ್ಲೂಕಿನ ಕಬ್ಬೂರನ್ನು ಆ ಭಾಗದವರು ‘ಕಬ್ಬೂರ’ ಎಂದೇ ಬರೆಯುತ್ತಾರೆ. ಮೈಸೂರು ಸೀಮೆಯ ಬರವಣಿಗೆಗೆ ಒಗ್ಗಿದ ಕೈ ಅದನ್ನು ‘ಕಬ್ಬೂರು’ ಎಂದು ತಿದ್ದಲು ಹವಣಿಸುತ್ತದೆ. ಓದುವವನಿಗೆ ಎರಡೂ ಒಂದೇ ಊರು. ಗಣಕಕ್ಕೆ ಅವು ಎರಡು ಬೇರೆ ಪದಗಳು. ಹೊಲದ ಉತಾರದಲ್ಲಿಯೂ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿಯೂ ಒಂದೇ ರೂಪವಿರುವವರೆಗೆ ತೊಡಕಿಲ್ಲ. ಶುದ್ಧೀಕರಣದ ಉತ್ಸಾಹದಲ್ಲಿ ಯಾರಾದರೂ ಒಂದು ಕಡೆ ಮಾತ್ರ ‘ರ’ವನ್ನು ‘ರು’ ಮಾಡಿದರೆ, ತಾಳೆ ನೋಡುವ ಯಂತ್ರಕ್ಕೆ ರೈತ ಬೇರೆ ಊರಿನವನಾಗಿಬಿಡುತ್ತಾನೆ. 2014ರ ನವೆಂಬರ್ 1ರಂದು ಬೆಳಗಾವಿಯ ಇಂಗ್ಲಿಷ್ ಹೆಸರು ಬದಲಾಯಿತು. ರೈಲು ನಿಲ್ದಾಣದ ಸಂಕೇತ ‘ಬಿಜಿಎಂ’ ಮಾತ್ರ ಹಾಗೆಯೇ ಉಳಿಯಿತು. ಇದನ್ನು ಅಲಕ್ಷ್ಯವೆಂದು ಬಗೆಯಬೇಕಾಗಿಲ್ಲ.

ಮುಕ್ತ ಆಕರದ ತಂತ್ರಾಂಶಗಳಲ್ಲಿ ಈ ಇಕ್ಕಟ್ಟು ಇನ್ನೂ ತೀವ್ರವಾದುದು. ಒಂದು ತಂತ್ರಾಂಶವು ಇತರ ತಂತ್ರಾಂಶಗಳ ಬಳಕೆಗೆಂದು ತೆರೆದಿಡುವ ಹೆಸರು ಮತ್ತು ವಿಧಾನಗಳ ಹೊರಮುಖವೇ ಇಂಟರ್‌ಫೇಸ್. ಆಕರವನ್ನು ಯಾರು ಬೇಕಾದರೂ ಕೊಂಡೊಯ್ಯಬಹುದಾದ್ದರಿಂದ, ಆ ಮುಖವನ್ನು ನಂಬಿ ಎಲ್ಲೆಲ್ಲಿ ಏನೇನು ಕಟ್ಟಲಾಗಿದೆ ಎಂಬುದು ಅದನ್ನು ರಚಿಸಿದವರಿಗೇ ತಿಳಿದಿರುವುದಿಲ್ಲ. ಲಿನಕ್ಸ್ ಕರ್ನೆಲ್ ಬಳಗ ಇದಕ್ಕೊಂದು ಗೆರೆ ಎಳೆದುಕೊಂಡಿದೆ: ಒಳಗಿನದನ್ನು ಎಷ್ಟು ಬೇಕಾದರೂ ತಿದ್ದಬಹುದು, ಅದನ್ನು ನಂಬಿ ಹೊರಗೆ ನಡೆಯುತ್ತಿರುವ ತಂತ್ರಾಂಶ ಮುರಿಯಕೂಡದು.

ಕನ್ನಡಕ್ಕೆ ಈ ಪ್ರಶ್ನೆ ಹತ್ತಿರದಿಂದ ತಾಗಿದ್ದು ರಳದ ಮೂಲಕ. ಕೇಶಿರಾಜ ಶಬ್ದಮಣಿದರ್ಪಣದಲ್ಲಿ ವಿವೇಚಿಸಿರುವ, ‘ಏೞ್’, ‘ಬಾೞ್’ಗಳಲ್ಲಿದ್ದು ಮುಂದೆ ಳಕಾರದಲ್ಲಿ ಲೀನವಾದ ಅಕ್ಷರವಿದು. ಯೂನಿಕೋಡ್ ಶಿಷ್ಟತೆಯಲ್ಲಿ ಅದಕ್ಕೆ ಸ್ಥಾನವೇನೋ ದೊರೆಯಿತು; ಆದರೆ ದೊರೆತ ಅಧಿಕೃತ ಹೆಸರು ‘ಕನ್ನಡ ಲೆಟರ್ ಫಾ’. ಹಳಗನ್ನಡ ಓದಿದ ಯಾವ ವಿದ್ಯಾರ್ಥಿಯೂ ನಗಬಹುದಾದ ತಪ್ಪು. ಆದರೂ ಅದನ್ನು ಅಳಿಸಲಿಲ್ಲ, ಅಳಿಸುವಂತೆಯೂ ಇಲ್ಲ. 1996ರ ಎರಡನೆಯ ಆವೃತ್ತಿಯಲ್ಲಿ ಕೊರಿಯನ್ನರ ಹಂಗುಲ್ ಅಕ್ಷರಗಳನ್ನು ಹಳೆಯ ಸ್ಥಾನದಿಂದ ಕಿತ್ತು, 11,172 ಅಕ್ಷರಗಳನ್ನು ಹೊಸ ಸ್ಥಾನದಲ್ಲಿ ಕ್ರಮಬದ್ಧವಾಗಿ ಜೋಡಿಸಲಾಯಿತು. ಜೋಡಣೆ ಅಚ್ಚುಕಟ್ಟಾಗಿತ್ತು, ಹಳೆಯ ಸ್ಥಾನಗಳನ್ನು ನಂಬಿ ಅದುವರೆಗೆ ಬರೆದಿಟ್ಟ ಪಠ್ಯ ಮಾತ್ರ ಅರ್ಥ ಕಳೆದುಕೊಂಡಿತು. ಅಕ್ಷರದ ಸ್ಥಾನವನ್ನಾಗಲಿ ಹೆಸರನ್ನಾಗಲಿ ಇನ್ನು ಬದಲಿಸುವುದಿಲ್ಲವೆಂಬ ನಿಯಮ ಆ ಆವೃತ್ತಿಯಿಂದ ಅನ್ವಯವಾಗುತ್ತದೆ. ಹೀಗಾಗಿ ರಳಕ್ಕೆ ತಪ್ಪು ಹೆಸರನ್ನು ಉಳಿಸಿಯೇ, ಮೂರು ‘ಎಲ್’ಗಳುಳ್ಳ ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಪಕ್ಕದಲ್ಲಿರಿಸಲಾಯಿತು.

ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಇದು ಹೊಸದಲ್ಲ. ಸಂಪಾದಕನು ತನಗೆ ಸರಿತೋರಿದ ಪಾಠವನ್ನು ಮೇಲಿಟ್ಟು ಉಳಿದ ಪಾಠಾಂತರಗಳನ್ನು ಅಡಿಯಲ್ಲಿ ಕೊಡುತ್ತಾನೆ. ಪ್ರತಿಯನ್ನು ತಿದ್ದಿ ಸುಡುವುದಿಲ್ಲ. ಇಲ್ಲಿ ಮೇಲು ಕೆಳಗಾಗಿದೆ, ಅಷ್ಟೆ: ತಪ್ಪು ಪಾಠ ಮೇಲೆ, ಸರಿಯಾದುದು ಅಡಿಯಲ್ಲಿ.

ಆದರೆ ಸ್ಥಿರತೆಯೇ ಸರ್ವಸ್ವವೆನ್ನುವುದೂ ಅಪಾಯಕರ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ್ದವು. ಯೂನಿಕೋಡ್ ಬಳಕೆಗೆ ಬಂದ ಮೇಲೂ ರೂಢಿ ಬಿಡಲಾಗದೆ ಅವುಗಳಲ್ಲಿಯೇ ಬೆರಳಚ್ಚಾದ ಮಹಾಪ್ರಬಂಧಗಳನ್ನು ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ರೋಮನ್ ಅಕ್ಷರಗಳ ಗೊಂದಲವಷ್ಟೇ ಕಾಣುತ್ತದೆ. ಅಲ್ಲಿ ಶುದ್ಧೀಕರಣ ತಡವಾದದ್ದೇ ನಷ್ಟ.

ಪೈಥಾನ್ ಭಾಷೆ ಕಠಿಣವಾದ ದಾರಿಯನ್ನೇ ಹಿಡಿಯಿತು. ಅದರ ಎರಡನೆಯ ತಲೆಮಾರಿನಲ್ಲಿ ಯುಟಿಎಫ್-8ರಲ್ಲಿ ಬರೆದ ‘ಕನ್ನಡ’ ಎಂಬ ಸಾಮಾನ್ಯ ಪದದ ಉದ್ದ ಕೇಳಿದರೆ 15 ಎಂಬ ಉತ್ತರ ಬರುತ್ತಿತ್ತು. ಅದು ಎಣಿಸುತ್ತಿದ್ದುದು ಬೈಟುಗಳನ್ನು. 2008ರ ಮೂರನೆಯ ತಲೆಮಾರಿನಲ್ಲಿ ಉತ್ತರ 5. (ಮೂರಕ್ಷರವೆನ್ನುವ ಕನ್ನಡಿಗನಿಗೆ ಇದೂ ಪೂರ್ಣ ಒಪ್ಪಿತವಲ್ಲ, ಗಣಕವು ನಕಾರದ ಹಲಂತವನ್ನೂ ಒತ್ತಕ್ಷರವನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ.) ಇದಕ್ಕಾಗಿ ಹಳೆಯ ಸಂಕೇತರಾಶಿಯನ್ನು ತಿದ್ದಿ ಬರೆಯಬೇಕಾಯಿತು. ಹಳೆಯದರ ಪೋಷಣೆಯನ್ನು 2015ಕ್ಕೆ ನಿಲ್ಲಿಸುವ ಯೋಜನೆ 2020ರವರೆಗೆ ಮುಂದೂಡಲ್ಪಟ್ಟಿತು. ಆ ಐದು ವರ್ಷಗಳನ್ನು ಸೋಲೆಂದು ಬರೆದವರಿದ್ದಾರೆ. ಬಳಸುವವರಿಗೆ ಕೊಟ್ಟ ಮರ್ಯಾದೆಯೆನ್ನುವುದು ಹೆಚ್ಚು ಉಚಿತ.

ಅದೇ ಪೈಥಾನಿನಲ್ಲಿ, 2012ರ 3.3ನೆಯ ಆವೃತ್ತಿಯಿಂದೀಚೆಗೆ, ಹಳೆಯ ಹೆಸರಿನಿಂದ ಹುಡುಕಿದರೂ ತಿದ್ದಿದ ಹೆಸರಿನಿಂದ ಹುಡುಕಿದರೂ ರಳವೇ ದೊರೆಯುತ್ತದೆ. ರಳವನ್ನು ಕೊಟ್ಟು ಇದರ ಹೆಸರೇನೆಂದು ಕೇಳಿದರೆ ಮಾತ್ರ, ಇಂದಿಗೂ ‘ಫಾ’ ಎಂದೇ ಉತ್ತರ.